ಹತ್ತಿಯ ಹೊಲದ ಮಕ್ಕಳು

ಕೃಷ್ಣಾ ತುಂಗಭದ್ರಾ ನದಿಗಳ ನಡುವೆ ಮೈಚಾಚಿಕೊಂಡಿರುವ ರಾಯಚೂರು ಸೀಮೆಯನ್ನು ಇತಿಹಾಸದ ವಿದ್ಯಾರ್ಥಿಗಳು ಕದನಭೂಮಿಯೆಂದೇ ಬಲ್ಲರು. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಈ ದೋಆಬಕ್ಕಾಗಿ ತಲೆಮಾರುಗಳ ಕಾಲ ಸೆಣಸಿದರು. ಆದರೆ ಕೋಟೆಗಳ ಕಥೆಗಿಂತ ದೀರ್ಘವಾದುದು ಇಲ್ಲಿಯ ಮಣ್ಣಿನ ಕಥೆ. ನೀರಮಾನ್ವಿಯನ್ನೊಳಗೊಂಡ ಮಾನ್ವಿ ತಾಲೂಕು ಎರೆಯ ಭೂಮಿಗೆ ಹೆಸರಾದುದು. ತುಂಗಭದ್ರೆಯ ಎಡದಂಡೆಯ ಕಾಲುವೆ ನೀರು ತಂದ ಕಡೆಗಳಲ್ಲಿ ಬತ್ತದ ಗದ್ದೆಗಳು ಹಸುರಾಗಿವೆ. ಜೋಳವೂ ಹತ್ತಿಯೂ ಈ ನೆಲದ ಹಳೆಯ ಬೆಳೆಗಳು.

ಭೂಮಂಡಲದ ಆಚೆಯ ಮಗ್ಗುಲಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣಕ್ಕೆ, ಮಿಸಿಸಿಪಿ ಎಂಬ ಇನ್ನೊಂದು ಹತ್ತಿಯ ಸೀಮೆಯಿದೆ. ಇವೆರಡಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವುಂಟು, ಅದೂ ಬೀಜದ ಸಂಬಂಧ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ದಕ್ಷಿಣ ಭಾಗದಿಂದ ಹತ್ತಿಯ ಬೇಸಾಯಗಾರರನ್ನು ಸಂಬಳ ಕೊಟ್ಟು ಕರೆಸಿ, ನ್ಯೂ ಓರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡದ ಎರೆಹೊಲಗಳಲ್ಲಿ ಬಿತ್ತಿಸಿತು. ಅದು ಇಲ್ಲಿ ನೆಲೆಗೊಂಡು 'ಧಾರವಾಡ ಅಮೆರಿಕನ್' ಎಂಬ ಹೆಸರಿನಿಂದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲಪದಂತಾದಾಗ, ಕನ್ನಡ ನಾಡಿನ ಹತ್ತಿಗೆ ಚಿನ್ನದ ಬೆಲೆ ಬಂದಿತು.

ಬೀಜದ ಚರಿತ್ರೆಯನ್ನು ಸರ್ಕಾರದ ವರದಿಗಳು ಅಚ್ಚುಕಟ್ಟಾಗಿ ಬರೆದಿಟ್ಟಿವೆ. ಬೆಲೆಯ ಏರಿಳಿತವನ್ನು ವರ್ತಕರ ಖಾತೆಗಳು ಹೇಳುತ್ತವೆ. ಆದರೆ ಬಿಸಿಲಿನಲ್ಲಿ ಬಾಗಿ ಹತ್ತಿ ಬಿಡಿಸಿದವರ ಮಕ್ಕಳ ಚರಿತ್ರೆಯನ್ನು ಬರೆದವರು ಯಾರು? ಆ ಮಕ್ಕಳು ಯಾವ ಶಾಲೆಗೆ ಹೋದರು, ಅಲ್ಲಿ ಅವರಿಗೆ ಏನು ದೊರೆಯಿತು, ಮನೆಗೆ ಬಂದು ತಾಯಿಯನ್ನು ಏನು ಕೇಳಿದರು? ಅಮೆರಿಕದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಸಾಹಿತ್ಯಗಳಲ್ಲಿ ಒಂದು, ಯಾರೂ ನಿರೀಕ್ಷಿಸದಿದ್ದ ಮಕ್ಕಳ ಕಾದಂಬರಿ. ಕನ್ನಡದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಎಲ್ಲಿದೆಯೆಂಬುದು ವಿಚಾರ ಮಾಡತಕ್ಕ ವಿಷಯ.

ಲೋಗನ್ ಮನೆತನ

1976ರಲ್ಲಿ ಮಿಲ್ಡ್ರೆಡ್ ಟೇಲರ್ ಎಂಬ ಲೇಖಕಿಯ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬ ಕಾದಂಬರಿ ಪ್ರಕಟವಾಯಿತು. 'ಗುಡುಗಿನ ಮೊರೆತವೇ, ನನ್ನ ಕೂಗನ್ನು ಕೇಳು' ಎಂದು ಅದರ ಹೆಸರಿನ ಅರ್ಥ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ಅತ್ಯುನ್ನತ ಗೌರವಗಳಲ್ಲೊಂದಾದ ನ್ಯೂಬೆರಿ ಪದಕ ದೊರೆಯಿತು. ಕಥೆ ನಡೆಯುವುದು 1933ರಲ್ಲಿ, ಮಿಸಿಸಿಪಿಯ ಒಂದು ಹಳ್ಳಿಗಾಡಿನಲ್ಲಿ. ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್. ಅವಳಿಗೆ ಒಬ್ಬ ಅಣ್ಣ, ಇಬ್ಬರು ತಮ್ಮಂದಿರು. ತಾಯಿ ಕಪ್ಪು ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ತಂದೆ ಜಮೀನಿನ ತೆರಿಗೆ ಕಟ್ಟುವುದಕ್ಕಾಗಿ ದೂರದ ಲೂಸಿಯಾನಾದಲ್ಲಿ ರೈಲು ಹಳಿ ಹಾಕುವ ಕೂಲಿಗೆ ಹೋಗಿರುತ್ತಾನೆ. ಮನೆಯಲ್ಲಿ ಅಜ್ಜಿಯಿದ್ದಾಳೆ.

ಆ ಶಾಲೆ ತೆರೆಯುವುದು ಅಕ್ಟೋಬರಿನಲ್ಲಿ, ಮುಚ್ಚುವುದು ಮಾರ್ಚಿಯಲ್ಲಿ. ಕಾರಣವಿಷ್ಟೇ: ಹತ್ತಿ ಬಿಡಿಸುವಾಗಲೂ ಬಿತ್ತುವಾಗಲೂ ಮಕ್ಕಳ ಕೈ ಹೊಲಕ್ಕೆ ಬೇಕು. ಪಂಚಾಂಗವನ್ನು ಬರೆಯುವುದು ವಿದ್ಯಾ ಇಲಾಖೆಯಲ್ಲ, ಹತ್ತಿಯ ಗಿಡ. ಬಿಳಿಯ ಮಕ್ಕಳಿಗೆ ಬೇರೆ ಶಾಲೆ, ಬೇರೆ ಬಸ್ಸು. ಆ ಬಸ್ಸಿನ ಚಾಲಕ ಬೇಕೆಂದೇ ನಡೆದುಹೋಗುವ ಮಕ್ಕಳ ಮೇಲೆ ಕೆಸರು ಎರಚಿಸುತ್ತಾನೆ. ಆರು ವರ್ಷದ ಕಿರಿಯ ತಮ್ಮನಿಗೆ ಬಟ್ಟೆ ಮಾಸಿದರೆ ಆಗದು. ಅವನಿಗೆ ಅದು ಪ್ರಾಣಸಂಕಟ.

ಶಾಲೆಯ ಮೊದಲ ದಿನ ಆ ಹುಡುಗನ ಕೈಗೆ ಒಂದು ಪುಸ್ತಕ ಬರುತ್ತದೆ. ತನ್ನದೆಂದು ಹೇಳಿಕೊಳ್ಳಬಹುದಾದ ಪುಸ್ತಕವೆಂದು ಅವನಿಗೆ ಎಲ್ಲಿಲ್ಲದ ಸಂತೋಷ. ಆದರೆ ಅದು ಹರಿದದ್ದು, ಕೊಳೆಯಾದದ್ದು. ಮುಖಪುಟದ ಒಳಬದಿಯಲ್ಲಿ ಒಂದು ಪಟ್ಟಿಯನ್ನು ಅಂಟಿಸಿದೆ. ಯಾವ ವರ್ಷ ಯಾವ ಜನಾಂಗದ ವಿದ್ಯಾರ್ಥಿಗೆ ಕೊಡಲಾಯಿತು, ಆಗ ಪುಸ್ತಕದ ಸ್ಥಿತಿ ಹೇಗಿತ್ತು ಎಂಬ ವಿವರ. ಹನ್ನೊಂದು ಸಲ ಬಿಳಿಯ ಮಕ್ಕಳಿಗೆ ಕೊಟ್ಟು, ಸ್ಥಿತಿ 'ತೀರ ಕೆಟ್ಟದ್ದು' ಎಂಬ ಹಂತಕ್ಕೆ ಬಂದಾಗ ಹನ್ನೆರಡನೆಯ ಸಾಲಿನಲ್ಲಿ ಅದು ಕಪ್ಪು ಮಕ್ಕಳ ಪಾಲಿಗೆ ಬಂದಿದೆ. ಜನಾಂಗದ ಅಂಕಣದಲ್ಲಿ ಬರೆದಿರುವುದು ಒಂದು ಬೈಗುಳದ ಪದ. ಓದು ಬಲ್ಲ ಹುಡುಗ ಅದನ್ನು ಓದುತ್ತಾನೆ. ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಉಪಾಧ್ಯಾಯಿನಿಯಿಂದ ಏಟು ತಿನ್ನುತ್ತಾನೆ. ಅಕ್ಕನಿಗೂ ಏಟು ತಪ್ಪುವುದಿಲ್ಲ.

ತಾಯಿಗೆ ಸುದ್ದಿ ಮುಟ್ಟಿದಾಗ ಅವಳು ಕೂಗಾಡುವುದಿಲ್ಲ. ಕಂದು ಬಣ್ಣದ ಕಾಗದವನ್ನು ಅಳತೆಗೆ ಕತ್ತರಿಸಿ, ಅಂಟು ಹಚ್ಚಿ, ಆ ಪಟ್ಟಿಯ ಮೇಲೆ ಮೆತ್ತಿಬಿಡುತ್ತಾಳೆ. ಸರ್ಕಾರದ ಸ್ವತ್ತನ್ನು ಕೆಡಿಸಬಾರದೆಂದು ಜತೆಯ ಉಪಾಧ್ಯಾಯಿನಿ ಹೆದರಿಸಿದರೂ ಲೆಕ್ಕಿಸುವುದಿಲ್ಲ. ಆ ಕಾಗದದ ತುಂಡಿಗೂ, ತರಗತಿಯಲ್ಲಿ ಗುಲಾಮಗಿರಿಯ ನಿಜವಾದ ಚರಿತ್ರೆಯನ್ನು ಹೇಳಿಕೊಟ್ಟದ್ದಕ್ಕೂ ಆಕೆ ಮುಂದೆ ಕೆಲಸವನ್ನೇ ಕಳೆದುಕೊಳ್ಳುತ್ತಾಳೆ.

ಲೋಗನ್ ಮನೆತನದ ಬೆನ್ನೆಲುಬು ಅವರ 400 ಎಕರೆ ಜಮೀನು. ತಾತ 1887ರಲ್ಲಿ 200 ಎಕರೆಯನ್ನೂ 1918ರಲ್ಲಿ ಇನ್ನೂ 200 ಎಕರೆಯನ್ನೂ ಕೊಂಡಿದ್ದ. ಸುತ್ತಲಿನ ಕಪ್ಪು ಕುಟುಂಬಗಳೆಲ್ಲ ಬಿಳಿಯ ಒಡೆಯರ ನೆಲದಲ್ಲಿ ಪಾಲಿಗೆ ದುಡಿಯುವವರು. ಬೀಜ, ಹೇಸರಗತ್ತೆ, ದಿನಸಿ ಎಲ್ಲವೂ ಒಡೆಯನಿಂದಲೋ ಒಡೆಯ ಹೇಳಿದ ಅಂಗಡಿಯಿಂದಲೋ ಸಾಲವಾಗಿ ಬರಬೇಕು. ಸುಗ್ಗಿಯಲ್ಲಿ ಲೆಕ್ಕ ಮಾಡಿದರೆ ಸಾಲ ತೀರದು, ಮರುವರ್ಷವೂ ಅಲ್ಲೇ ದುಡಿಯಬೇಕು. ಸ್ವಂತ ನೆಲವಿರುವುದರಿಂದಲೇ ಲೋಗನ್ನರಿಗೆ ಆ ಅಂಗಡಿಯನ್ನು ಬಹಿಷ್ಕರಿಸುವ ಧೈರ್ಯ ಬರುತ್ತದೆ. ಆದುದರಿಂದಲೇ ನೆರೆಯ ಭೂಮಾಲಿಕನ ಕಣ್ಣು ಆ ನೆಲದ ಮೇಲೆ. ಕೊನೆಯಲ್ಲಿ, ಉದ್ರಿಕ್ತ ಗುಂಪೊಂದು ಒಬ್ಬ ಕಪ್ಪು ಹುಡುಗನನ್ನು ನೇಣಿಗೆ ಹಾಕಲು ಹೊರಟಾಗ, ಕ್ಯಾಸಿಯ ತಂದೆ ತನ್ನ ಹತ್ತಿಯ ಬೆಳೆಗೆ ತಾನೇ ಬೆಂಕಿಯಿಡುತ್ತಾನೆ. ಬೆಂಕಿ ಎಲ್ಲರ ಹೊಲಕ್ಕೂ ಹಬ್ಬೀತೆಂಬ ಭಯದಿಂದ ಗುಂಪು ನೇಣನ್ನು ಬಿಟ್ಟು ಬೆಂಕಿಯ ಕಡೆಗೆ ಓಡುತ್ತದೆ. ಹುಡುಗನ ಪ್ರಾಣ ಆ ಹೊತ್ತಿಗೆ ಉಳಿಯುತ್ತದೆ. ಬೆಳೆಯ ಒಂದು ಭಾಗ ಬೂದಿಯಾಗುತ್ತದೆ.

ಮಿಲ್ಡ್ರೆಡ್ ಟೇಲರ್ ಹುಟ್ಟಿದ್ದು 1943ರಲ್ಲಿ, ಮಿಸಿಸಿಪಿಯ ಜ್ಯಾಕ್ಸನ್ ನಗರದಲ್ಲಿ. ಮಗು ಇನ್ನೂ ತೊಟ್ಟಿಲಲ್ಲಿರುವಾಗಲೇ ಆಕೆಯ ತಂದೆ ಆ ಸೀಮೆಯ ದಬ್ಬಾಳಿಕೆಯನ್ನು ಸಹಿಸಲಾರದೆ ಸಂಸಾರವನ್ನು ಉತ್ತರದ ಓಹಾಯೋ ರಾಜ್ಯಕ್ಕೆ ಸಾಗಿಸಿದ. ಆದರೆ ರಜೆಯ ದಿನಗಳಲ್ಲಿ ಮಕ್ಕಳನ್ನು ಊರಿಗೆ ಕರೆತರುವುದನ್ನು ಬಿಡಲಿಲ್ಲ. ಅಲ್ಲಿ ಜಗಲಿಯ ಮೇಲೆ ಕುಳಿತ ಹಿರಿಯರು ಹೇಳುತ್ತಿದ್ದ ಮನೆತನದ ಕಥೆಗಳೇ ಮುಂದೆ ಕಾದಂಬರಿಗಳಾದವು. 1975ರ 'ಸಾಂಗ್ ಆಫ್ ದಿ ಟ್ರೀಸ್' ಎಂಬ ಕಿರುಪುಸ್ತಕದಿಂದ ಆರಂಭವಾದ ಲೋಗನ್ ಕಥಾಮಾಲೆ 2020ರಲ್ಲಿ ಪ್ರಕಟವಾದ ಕೊನೆಯ ಸಂಪುಟದವರೆಗೆ 45 ವರ್ಷಗಳ ಕಾಲ ಬೆಳೆಯಿತು. ಶಾಲೆಯ ಪಠ್ಯಪುಸ್ತಕಗಳಲ್ಲಿ ತನ್ನವರ ಶೌರ್ಯದ ಮಾತೇ ಇಲ್ಲದಿದ್ದುದನ್ನು ಕಂಡು, ಮನೆಯಲ್ಲಿ ಕೇಳಿದುದನ್ನು ಬರೆಯುವ ಸಂಕಲ್ಪ ಮಾಡಿದವಳು ಆಕೆ.

ಧಾರವಾಡದ ಹುಡುಗ

ಹನ್ನೆರಡನೆಯ ಸಾಲಿನ ಪುಸ್ತಕದ ಕಥೆಯನ್ನು ಓದಿದ ಕನ್ನಡಿಗನಿಗೆ, 'ಎಲ್ಲಿಯದೋ ದೂರದ ಅನ್ಯಾಯ' ಎನಿಸುವ ಸಂಭವವುಂಟು. ಅಂಥವರು 1856ರ ಧಾರವಾಡವನ್ನು ನೆನೆಯಬೇಕು. ಅಮೆರಿಕದ ಹತ್ತಿಯ ಬೀಜ ಬೇರೂರಿ ಕೆಲವೇ ವರ್ಷಗಳಾಗಿದ್ದವು. ಆ ವರ್ಷದ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಪ್ರವೇಶ ಬೇಡಿದ. ಶಾಲೆ ನಿರಾಕರಿಸಿತು. ಹುಡುಗನ ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಸರ್ಕಾರ ಕೊಟ್ಟ ಉತ್ತರ ವಿಚಿತ್ರವಾದುದು. ನ್ಯಾಯ ಅರ್ಜಿದಾರನ ಕಡೆಗೇ ಇದೆಯೆಂದು ಅದು ಒಪ್ಪಿತು. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಟ್ಟುಹೋಗುವರು, ಬಹುಕಾಲದ ನಂಬಿಕೆಗಳನ್ನು ಒಮ್ಮೆಗೇ ಅಲುಗಿಸಲಾಗದು ಎಂಬ ಕಾರಣದಿಂದ ಪ್ರವೇಶವನ್ನು ಕೊಡಲಿಲ್ಲ.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಅದರ ಸುತ್ತ ಕಲ್ಕತ್ತೆಯವರೆಗೂ ಲಂಡನ್ನಿನವರೆಗೂ ಪತ್ರಗಳು ಓಡಾಡಿದವು. ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂಬ ತತ್ತ್ವ ಮುಂದಿನ ಎರಡು ವರ್ಷಗಳಲ್ಲಿ ಕಾಗದದ ಮೇಲೆ ಸ್ಥಿರವಾಯಿತು. ಕಾಗದದ ತತ್ತ್ವ ತರಗತಿಯ ಬಾಗಿಲಿನವರೆಗೆ ಬರಲು ತಲೆಮಾರುಗಳೇ ಬೇಕಾದವು. ಅಮೆರಿಕದಲ್ಲಿಯೂ ಹಾಗೆಯೇ. 1896ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಸೌಕರ್ಯ ಸಮಾನವಾಗಿದ್ದರೆ ಜನಾಂಗಗಳನ್ನು ಬೇರ್ಪಡಿಸುವುದು ತಪ್ಪಲ್ಲವೆಂದು ತೀರ್ಪು ಕೊಟ್ಟಿತು. ಬೇರ್ಪಡಿಸುವಿಕೆ ಶಾಲೆಗಳಲ್ಲಿ ಸಲ್ಲದೆಂದು ಅದೇ ನ್ಯಾಯಾಲಯ ಹೇಳಿದುದು 1954ರಲ್ಲಿ. ಭಾರತದ ಸಂವಿಧಾನ 1950ರಲ್ಲಿಯೇ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತ್ತು. ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾಯಿದೆ 1955ರಲ್ಲಿ ಬಂದಿತು.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ವಿದ್ಯಾಭ್ಯಾಸದ ಇತಿಹಾಸವನ್ನು ಹೇಳುವ ಗ್ರಂಥಗಳಲ್ಲಿ ಧಾರವಾಡದ ಈ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು 'ಒಬ್ಬ ಮಹಾರ್ ಹುಡುಗ' ಎಂಬ ಮಾತು ಮಾತ್ರ. ಅವನ ಹೆಸರೇನು, ಅರ್ಜಿ ಬರೆಯುವಷ್ಟು ಅಕ್ಷರವನ್ನು ಅವನಿಗೆ ಕಲಿಸಿದವರು ಯಾರು, ನಿರಾಕರಣೆಯ ಸುದ್ದಿ ಬಂದ ದಿನ ಅವನ ಮನೆಯಲ್ಲಿ ಒಲೆ ಉರಿಯಿತೇ? ಕಡತ ಇದನ್ನು ಹೇಳದು. ಹೇಳುವುದು ಅದರ ಕೆಲಸವೂ ಅಲ್ಲ. ಇತಿಹಾಸ ನಿಲ್ಲುವ ಈ ಹೊಸ್ತಿಲಿನಿಂದಲೇ ಐತಿಹಾಸಿಕ ಕಾದಂಬರಿ ಆರಂಭವಾಗಬೇಕು. ಕ್ಯಾಸಿ ಲೋಗನ್ ಕಲ್ಪನೆಯ ಹುಡುಗಿ; ಆದರೆ ಹೆಸರು ಉಳಿಯದೆ ಹೋದ ಸಾವಿರಾರು ಮಕ್ಕಳಿಗೆ ಅವಳಿಂದ ಒಂದು ಹೆಸರು ಬಂದಿತು.

ಹೀಗೆ ಬಾಗಿಲು ಮುಚ್ಚಿದ ಕಾಲದಲ್ಲಿ ಬಾಗಿಲು ತೆರೆದ ಪುಣ್ಯಾತ್ಮರೂ ಕನ್ನಡ ನಾಡಿನಲ್ಲಿದ್ದರು. ಕಾಸರಗೋಡು ಸೀಮೆಯಲ್ಲಿ 1859ರಲ್ಲಿ ಜನಿಸಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ವಕೀಲಿ ವೃತ್ತಿಯಲ್ಲಿದ್ದವರು. 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಅವರು ಶಾಲೆಯನ್ನು ತೆರೆದಾಗ ಅವರ ಜಾತಿಯವರೇ ಅವರನ್ನು ಬಹಿಷ್ಕರಿಸಿದರು. 1897ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯಿಂದ ಇನ್ನಷ್ಟು ಶಾಲೆಗಳು ಹುಟ್ಟಿದವು. ತಮ್ಮ ಶಾಲೆಯಲ್ಲಿ ಓದಿದ ಹುಡುಗ ದೊಡ್ಡ ಹುದ್ದೆಗೇರಿ ಊರ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬುದು ಅವರ ಹಂಬಲವಾಗಿತ್ತೆಂಬುದು ಕರಾವಳಿಯಲ್ಲಿ ಮನೆಮಾತು. ಮಿಸಿಸಿಪಿಯ ಬಸ್ಸು ನಡೆದುಹೋಗುವ ಮಕ್ಕಳ ಮೇಲೆ ಕೆಸರೆರಚಿತು. ಇಲ್ಲೊಬ್ಬ ಹಿರಿಯರು ಅಂತಹ ಮಕ್ಕಳ ವಾಹನದ ಧೂಳನ್ನೇ ವಿಭೂತಿಯಂತೆ ಬಯಸಿದರು. ಅವರು ತೀರಿಕೊಂಡದ್ದು 1928ರಲ್ಲಿ.

ಜೀತದ ನೆಲ

ನೀರಮಾನ್ವಿಯ ಸೀಮೆ ಈ ಚರಿತ್ರೆಯಲ್ಲಿ ಬೇರೆ ದಾರಿಯಲ್ಲಿ ನಡೆಯಿತು. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೂ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕನ್ನಡ ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ನಿಜಾಮರ ಕಾಲದಲ್ಲಿ ಸರ್ಕಾರದ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಪರಭಾಷೆಯನ್ನು ಕಲಿತೇ ಪಾಠವನ್ನು ಕಲಿಯಬೇಕಾಗಿತ್ತು. ಊರೊಳಗಿನ ಮಗುವಿಗೇ ಈ ಕಷ್ಟವಾದರೆ ಕೇರಿಯ ಮಗುವಿನ ಪಾಡನ್ನು ಊಹಿಸಬಹುದು. ಅದಕ್ಕೆ ಪರಭಾಷೆಗಿಂತ ಮೊದಲು ಶಾಲೆಯ ಮೆಟ್ಟಿಲೇ ಪರದೇಶವಾಗಿತ್ತು.

ಕೇರಿಯ ಮಗುವನ್ನು ಶಾಲೆಯಿಂದ ದೂರವಿರಿಸಿದ್ದ ಇನ್ನೊಂದು ಕಬ್ಬಿಣದ ಕೈ ಜೀತ. ಹೈದರಾಬಾದ್ ಸಂಸ್ಥಾನದಲ್ಲಿ ಇದಕ್ಕೆ 'ಭಾಗೇಲಾ' ಎಂಬ ಹೆಸರು. ಮದುವೆಗೋ ಮಣ್ಣಿಗೋ ತಂದೆ ತಂದ ಅಲ್ಪ ಸಾಲಕ್ಕೆ ಮಗ ಸಾಹುಕಾರನ ದನ ಕಾಯಬೇಕು. ದನ ಕಾಯುತ್ತ ದೊಡ್ಡವನಾದ ಮೇಲೆ ನೇಗಿಲು ಹಿಡಿಯಬೇಕು. ಸಾಲ ಮಾತ್ರ ತಂದೆಯಿಂದ ಮಗನಿಗೆ ಇಳಿಯುತ್ತ ಇರಬೇಕು. ಮಿಸಿಸಿಪಿಯ ಪಾಲುದುಡಿಮೆಗೂ ಇದಕ್ಕೂ ಭೇದಗಳುಂಟು. ಅಲ್ಲಿ ಪಾಲೆಂಬುದೊಂದು ಲೆಕ್ಕದಲ್ಲಾದರೂ ಇತ್ತು. ಇಲ್ಲಿ ಅದೂ ಇರಲಿಲ್ಲ. ಆದರೆ ಎರಡೂ ಕಡೆ ಸಾಲದ ಪುಸ್ತಕವನ್ನು ಬರೆಯುವವನು ಒಡೆಯ, ಓದಲಾರದವನು ದುಡಿಯುವವನು. ಓದು ಬಂದರೆ ಲೆಕ್ಕ ಕೇಳುವರೆಂಬ ಭಯವೇ ಎರಡೂ ಕಡೆ ಮಕ್ಕಳ ಶಾಲೆಗೆ ಅಡ್ಡ ಬಂದ ದೊಡ್ಡ ಗೋಡೆ. ಭಾರತದಾದ್ಯಂತ ಜೀತವನ್ನು ರದ್ದು ಮಾಡಿದ ಶಾಸನ ಬಂದದ್ದು 1976ರಲ್ಲಿ, ಅಂದರೆ ಟೇಲರ್ ಅವರ ಕಾದಂಬರಿ ಹೊರಬಂದ ವರ್ಷದಲ್ಲಿಯೇ.

ಹೊರಗಿನಿಂದ ಕಂಡದ್ದು, ಒಳಗಿನಿಂದ ಹೇಳಿದ್ದು

ಕನ್ನಡ ಸಾಹಿತ್ಯ ಈ ನೋವನ್ನು ಕಾಣದೆ ಹೋಗಲಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕೃತಿ. ಕ್ಯಾಸಿಯ ಕಥೆ ನಡೆಯುವುದೂ ಅದೇ ವರ್ಷ! ಚೋಮನಿಗೆ ಇರುವುದು ಒಂದೇ ಆಸೆ, ತುಂಡು ನೆಲವನ್ನು ಉತ್ತು ಬೇಸಾಯಗಾರನೆನಿಸಿಕೊಳ್ಳುವುದು. ಹುಟ್ಟಿದ ಜಾತಿಯ ಕಾರಣದಿಂದ ಆ ಆಸೆ ಕೊನೆಗೂ ಕೈಗೂಡುವುದಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಎಳೆಯ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರನ್ನು ಮೈಲಿಗೆಯ ಭಯ ತಡೆಯುತ್ತದೆ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿದಾಗ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಸಂದಿತು. ಲೋಗನ್ನರಿಗೆ ನೆಲವಿತ್ತು, ಆದುದರಿಂದ ಅವರು ನೆಟ್ಟಗೆ ನಿಂತರು. ಚೋಮನಿಗೆ ಅದು ಸಿಗಲಿಲ್ಲ, ಆದುದರಿಂದ ಅವನಿಗೆ ಉಳಿದುದು ದುಡಿಯೊಂದೇ. ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಭೂಮಿಯ ಪ್ರಶ್ನೆ ಎಷ್ಟು ಆಳವಾದುದೆಂಬುದು ಅರ್ಥವಾಗುತ್ತದೆ.

'ಚೋಮನ ದುಡಿ' ಮರುಕದಿಂದ ತುಂಬಿದ ಮಹತ್ವದ ಕೃತಿಯೆಂಬುದು ನಿರ್ವಿವಾದ. ಆದರೂ ಅದು ಹೊರಗೆ ನಿಂತು ಕಂಡವರ ಕೃತಿ. ಅಮೆರಿಕದಲ್ಲಿಯೂ ಇದಕ್ಕೆ ಸಮಾನವಾದ ಉದಾಹರಣೆ ಇದೆ. 1969ರಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ಎಂಬ ಬಿಳಿಯ ಉಪಾಧ್ಯಾಯ 'ಸೌಂಡರ್' ಎಂಬ ಮಕ್ಕಳ ಕಾದಂಬರಿಯನ್ನು ಬರೆದ. ಹಸಿದ ಮಕ್ಕಳಿಗಾಗಿ ಮಾಂಸ ಕದ್ದು ಸೆರೆಗೆ ಹೋದ ಕಪ್ಪು ತಂದೆ, ಅವನನ್ನು ಹುಡುಕಿ ಅಲೆಯುವ ಮಗ, ಇವರ ಮನಕಲಕುವ ಕಥೆ ಅದು. 1970ರಲ್ಲಿ ಅದಕ್ಕೂ ನ್ಯೂಬೆರಿ ಪದಕ ಬಂದಿತು. ಆದರೆ ಆ ಕಥೆಯ ಕುಟುಂಬದಲ್ಲಿ ಯಾರಿಗೂ ಹೆಸರಿಲ್ಲ. ಹೆಸರಿರುವುದು ನಾಯಿಗೆ ಮಾತ್ರ. ನೋಡುವ ಕಣ್ಣಿನಲ್ಲಿ ಎಷ್ಟೇ ಕನಿಕರವಿದ್ದರೂ ಹೆಸರಿಡುವ ಹಕ್ಕು ಮನೆಯವರದೇ ಎಂಬ ಮಾತನ್ನು ಕಪ್ಪು ಓದುಗರು ಆಗ ಎತ್ತಿದರು. ಕೆಲವೇ ವರ್ಷಗಳಲ್ಲಿ ಟೇಲರ್ ಅವರ ಮಕ್ಕಳು ಹೆಸರುಗಳೊಡನೆ ಬಂದರು.

ಕನ್ನಡದಲ್ಲಿ ಹೆಸರುಗಳು ಆತ್ಮಕಥೆಗಳ ಮೂಲಕ ಬಂದವು. ಬಿಜಾಪುರ ಸೀಮೆಯ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಪ್ರಕಟವಾಯಿತು. ಕೇರಿಯ ಮಗುವೊಂದು ಊರಿನೊಡನೆ ನಡೆಸಿದ ದಿನನಿತ್ಯದ ವ್ಯವಹಾರದಲ್ಲಿ ಎಷ್ಟು ಮುಳ್ಳುಗಳಿದ್ದುವೆಂಬುದನ್ನು ಅದು ಹೇಳುತ್ತದೆ. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿ 2021ರಲ್ಲಿ ತೀರಿಕೊಂಡ ಕವಿ ಸಿದ್ಧಲಿಂಗಯ್ಯನವರ 'ಊರುಕೇರಿ' 1990ರ ದಶಕದ ಕೃತಿ. ಎತ್ತುಗಳ ಜಾಗದಲ್ಲಿ ನೊಗ ಹೊತ್ತು ಹೊಲ ಉಳುತ್ತಿದ್ದ ಇಬ್ಬರಲ್ಲಿ ಒಬ್ಬ ತನ್ನ ತಂದೆಯೆಂದು ಕಂಡ ಬಾಲಕನ ನೋಟ ಅದರ ಆರಂಭದಲ್ಲಿಯೇ ಇದೆ. ಓದಿದವರು ಅದನ್ನು ಮರೆಯಲಾರರು. ವಿಶೇಷವೆಂದರೆ, ಅದೇ ಪುಸ್ತಕ ಪುಟಪುಟದಲ್ಲಿಯೂ ನಗಿಸುತ್ತದೆ. ಅವಮಾನದ ನಡುವೆಯೂ ಬಾಲ್ಯ ಬಾಲ್ಯವೇ. ಲೋಗನ್ ಮಕ್ಕಳು ಬಸ್ಸು ಬರುವ ದಾರಿಯಲ್ಲಿ ಗುಟ್ಟಾಗಿ ಹಳ್ಳ ತೋಡಿ, ಬಸ್ಸು ಅದರಲ್ಲಿ ಬಿದ್ದಾಗ ಹೊಟ್ಟೆ ಹಿಡಿದು ನಗುತ್ತಾರಲ್ಲವೇ, ಅದೇ ಬಗೆಯ ನಗೆ ಅದು.

ಕಾಡಿನೊಳಗಿನ ಆಫ್ರಿಕ

ಕಪ್ಪು ಜನಾಂಗದ ಕಥೆಯನ್ನು ಹೇಳುವಾಗ ಕನ್ನಡ ನಾಡಿನಲ್ಲೇ ಇರುವ ಆಫ್ರಿಕ ಮೂಲದ ಕುಟುಂಬಗಳನ್ನು ಮರೆಯಲಾಗದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯ ಕಾಡುಗಳಲ್ಲಿ ಸಿದ್ದಿಗಳು ನೆಲೆಸಿದ್ದಾರೆ. ಇವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರೂ ಬಿಡುಗಡೆ ಪಡೆದವರೂ ಘಟ್ಟದ ಕಾಡನ್ನು ಹೊಕ್ಕರು. ಇದೇ ಆಫ್ರಿಕದಿಂದ ಬಂದ ಹಬಶಿಗಳು ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಸೇನಾನಿಗಳೂ ಮಂತ್ರಿಗಳೂ ಆಗಿದ್ದರೆಂಬುದನ್ನು ನೆನೆದರೆ ಅದೃಷ್ಟದ ಆಟ ಎಂಥದೆಂದು ಸೋಜಿಗವಾಗುತ್ತದೆ.

ಸಿದ್ದಿ ಮಕ್ಕಳ ಮಾತೃಭಾಷೆಯಲ್ಲಿ ಕೊಂಕಣಿಯಿದೆ, ಶಾಲೆಯ ಭಾಷೆ ಕನ್ನಡ. ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರು ಮತದವರೂ ಇದ್ದಾರೆ. ಗುಂಗುರು ಕೂದಲನ್ನೂ ಮೈಬಣ್ಣವನ್ನೂ ಕಂಡು 'ಯಾವ ದೇಶದವನೋ ನೀನು?' ಎಂದು ಸ್ವಂತ ನಾಡಿನಲ್ಲೇ ಕೇಳಿಸಿಕೊಳ್ಳುವುದು ಅವರ ಪಾಲಿಗೆ ಹೊಸದಲ್ಲ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕನ್ನಡದ ಮಗು ಕ್ಯಾಸಿಯನ್ನು ಅರಿಯಬೇಕಾದುದು ಮಿಸಿಸಿಪಿಗೆ ಹೋಗುವುದಕ್ಕಾಗಿ ಅಲ್ಲ. ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಎದುರಾಗುವ ಇನ್ನೊಂದು ಮಗುವನ್ನು ನೋಡಿ ನಗದೆ ಮಾತನಾಡಿಸುವುದಕ್ಕಾಗಿ.

ಮಕ್ಕಳಿಗೆ ಹೇಳಬಹುದೇ?

ಇಂತಹ ಕಥೆಗಳನ್ನು ಮಕ್ಕಳ ಕೈಗೆ ಕೊಡಬಹುದೇ ಎಂಬ ಶಂಕೆ ತಂದೆತಾಯಿಗಳಲ್ಲಿ ಹುಟ್ಟುವುದು ಸಹಜ. ಎಳೆಯ ಮನಸ್ಸಿಗೆ ಗಾಸಿಯಾದೀತು, ಇಲ್ಲದ ಭೇದವನ್ನು ಹೇಳಿಕೊಟ್ಟಂತಾದೀತು ಎಂದು ಕೆಲವರು ಅಂಜುತ್ತಾರೆ. ಅಮೆರಿಕದಲ್ಲಿಯೂ ಟೇಲರ್ ಅವರ ಪುಸ್ತಕದಲ್ಲಿ ಬರುವ ನಿಂದೆಯ ಮಾತುಗಳಿಗಾಗಿ ಅದನ್ನು ಶಾಲೆಗಳಿಂದ ತೆಗೆಯಬೇಕೆಂಬ ಕೂಗು ಹಲವು ಸಲ ಎದ್ದಿದೆ. ತನ್ನವರು ನಿಜವಾಗಿ ಕೇಳಿಸಿಕೊಂಡ ಮಾತನ್ನು ಮೆದುಗೊಳಿಸಿ ಬರೆಯಲಾರೆನೆಂಬುದು ಲೇಖಕಿಯ ಉತ್ತರ.

ಭೇದವನ್ನು ಮಕ್ಕಳಿಗೆ ಪುಸ್ತಕ ಕಲಿಸುವುದಿಲ್ಲ. ಪಡಸಾಲೆಯಲ್ಲಿ ಯಾರಿಗೆ ಯಾವ ಲೋಟದಲ್ಲಿ ನೀರು ಕೊಡುತ್ತಾರೆಂಬುದನ್ನು ನೋಡಿಯೇ ಮಗು ಅದನ್ನು ಕಲಿತಿರುತ್ತದೆ. ಸಾತಾರೆಯ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ 'ಗೋಣಿತಾಟಿನ ಮೇಲೆ ಬೇರೆ ಕುಳಿತುಕೊಳ್ಳಬೇಕಾಗಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಆ ದಿನ ಅವರಿಗೆ ನೀರಿಲ್ಲ. ತರಗತಿಯ ಉಳಿದ ಮಕ್ಕಳು ಇದನ್ನು ದಿನವೂ ನೋಡುತ್ತಿದ್ದರು. ಅವರಿಗೂ ಒಂದು ಪಾಠವಾಗುತ್ತಿತ್ತು, ತಪ್ಪು ಪಾಠ. ಅದನ್ನು ತಿದ್ದಬಲ್ಲುದು ಮರೆಮಾಚುವಿಕೆಯಲ್ಲ, ಸರಿಯಾಗಿ ಹೇಳಿದ ಕಥೆ.

ಲೋಗನ್ನರ ಕಥೆಯಲ್ಲಿ ಜೆರೆಮಿ ಎಂಬ ಬಿಳಿಯ ಹುಡುಗನೊಬ್ಬನಿದ್ದಾನೆ. ತನ್ನವರ ಬಸ್ಸನ್ನು ಬಿಟ್ಟು ಅವನು ಲೋಗನ್ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಬರುತ್ತಾನೆ. ಅದಕ್ಕಾಗಿ ಮನೆಯಲ್ಲಿ ಬಾರುಕೋಲಿನ ಏಟು ತಿನ್ನುತ್ತಾನೆ. ಅವನು ಅನ್ಯಾಯವನ್ನು ನಿಲ್ಲಿಸಲಾರ. ಆದರೆ ಅದರಲ್ಲಿ ಸೇರಲಾರ. ನಗರದ ಅನುಕೂಲಸ್ಥ ಮನೆಗಳ ಮಕ್ಕಳಲ್ಲಿ ಅನೇಕರು ಈ ಪುಸ್ತಕವನ್ನು ಓದುವಾಗ ತಮ್ಮನ್ನು ಕ್ಯಾಸಿಯ ಜಾಗದಲ್ಲಿ ಕಲ್ಪಿಸಿಕೊಳ್ಳಬಹುದು. ಬಾಳಿನಲ್ಲಿ ಅವರಿಗೆ ದೊರೆಯುವುದು ಹೆಚ್ಚಾಗಿ ಜೆರೆಮಿಯ ಜಾಗ. ಬಸ್ಸಿನಲ್ಲಿ ಕುಳಿತು ಕೆಸರೆರಚುವವರೊಡನೆ ನಗುವುದೋ, ಇಳಿದು ನಡೆಯುವುದೋ ಎಂಬ ಆಯ್ಕೆ ಅವರದು. ಹತ್ತು ವರ್ಷದ ಮಗುವಿಗೆ ಈ ಆಯ್ಕೆಯ ಅರ್ಥವಾಗುವುದಿಲ್ಲವೆಂದು ತಿಳಿಯುವುದು ಮಕ್ಕಳ ಬುದ್ಧಿಗೆ ಮಾಡುವ ಅವಮಾನ.

1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದಕ್ಕೆ ಭೇಟಿ ಕೊಟ್ಟರು. ಅಲ್ಲಿದ್ದವರು ಹೆಚ್ಚಾಗಿ ಹಿಂದೆ ಅಸ್ಪೃಶ್ಯರೆನಿಸಿದ್ದ ಮನೆಗಳ ಮಕ್ಕಳು. ಮುಖ್ಯೋಪಾಧ್ಯಾಯರು ಅತಿಥಿಯನ್ನು ಅಮೆರಿಕದ ಒಬ್ಬ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರು. ಕ್ಷಣಕಾಲ ಕಿಂಗ್ ಅವರಿಗೆ ಅಸಮಾಧಾನವಾಯಿತಂತೆ. ಅನಂತರ ತಮ್ಮ ದೇಶದ ಕೋಟ್ಯಂತರ ಕಪ್ಪು ಜನರ ಬಡತನವನ್ನೂ ಕೇರಿಗಳನ್ನೂ ನೆನೆದು, ಆ ಮಾತು ನಿಜವೇ ಎಂದು ಅವರು ಒಪ್ಪಿಕೊಂಡರು. ಇದನ್ನು ಅವರೇ ಮುಂದೆ ಒಂದು ಪ್ರವಚನದಲ್ಲಿ ಹೇಳಿದ್ದಾರೆ. ಎರಡು ಖಂಡಗಳ ನೋವು ಒಂದನ್ನೊಂದು ಗುರುತಿಸಿಕೊಂಡದ್ದು ಒಂದು ಶಾಲೆಯ ಕೋಣೆಯಲ್ಲಿ, ಮಕ್ಕಳ ಎದುರಿನಲ್ಲಿ.

ಕನ್ನಡದ ಮಕ್ಕಳ ಸಾಹಿತ್ಯ ಬಡವಾದುದಲ್ಲ. ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ', ಅಣೆಕಟ್ಟಿನಲ್ಲಿ ಮುಳುಗುವ ಊರಿನ ಮಕ್ಕಳ ಬಾಳನ್ನು ಹೇಳುವ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು', ಇವೆರಡೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದವು. ಚರಿತ್ರೆಯ ಭಾರವನ್ನು ಮಕ್ಕಳಿಗೆ ಹೊರಲಾಗುವಂತೆ ಹೇಳುವ ಕೈಗಳು ಕನ್ನಡದಲ್ಲಿವೆಯೆಂಬುದಕ್ಕೆ ಇವು ಸಾಕ್ಷಿ. ಊರುಕೇರಿಗಳ ಬಾಲ್ಯವನ್ನು ದೊಡ್ಡವರಿಗಾಗಿ ಹೇಳಿದ ಆತ್ಮಕಥೆಗಳು ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅವುಗಳ ಕೆಳಗಿನ ಅರೆಯಲ್ಲಿ, ಹತ್ತು ವರ್ಷದ ಹುಡುಗಿಯ ಕೈಗೆ ಎಟುಕುವ ಎತ್ತರದಲ್ಲಿ, ಇಡೀ ಒಂದು ಮನೆತನವನ್ನು ತಾತನಿಂದ ಮೊಮ್ಮಗಳವರೆಗೆ ಹೇಳುವ ಕಾದಂಬರಿಮಾಲೆ ಇದ್ದರೆ ಎಷ್ಟು ಚೆನ್ನ!

ಇದಕ್ಕೆ ಬೇಕಾದ ಸಾಮಗ್ರಿ ಕಡತಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆಗಳಲ್ಲಿದೆ. ಟೇಲರ್ ತಮ್ಮ ಕಥೆಗಳನ್ನು ಪಡೆದದ್ದು ಗ್ರಂಥಾಲಯದಿಂದಲ್ಲ, ಜಗಲಿಯಿಂದ. ನಿಜಾಮರ ಆಳ್ವಿಕೆ ಕೊನೆಗೊಂಡಾಗ ಹತ್ತು ವರ್ಷದವರಾಗಿದ್ದು, ರಾಯಚೂರಿನ ಹೊಲಗಳಲ್ಲಿ ಹತ್ತಿ ಬಿಡಿಸಿದವರೂ ಸಾಹುಕಾರನ ದನ ಕಾಯ್ದವರೂ ಈಗ ತೊಂಬತ್ತರ ಹತ್ತಿರದಲ್ಲಿದ್ದಾರೆ. ಅವರಿಗೆ ಮೊಮ್ಮಕ್ಕಳಿದ್ದಾರೆ, ಆ ಮೊಮ್ಮಕ್ಕಳಲ್ಲಿ ಅನೇಕರಿಗೆ ಬರೆಯಲು ಬರುತ್ತದೆ. ಸಂಜೆಯ ಹೊತ್ತು ಅಜ್ಜಿಯ ಬಳಿ ಕುಳಿತು, 'ನೀನು ಸಣ್ಣವಳಿದ್ದಾಗ ಶಾಲೆಗೆ ಏಕೆ ಹೋಗಲಿಲ್ಲ?' ಎಂದು ಕೇಳುವಷ್ಟು ವ್ಯವಧಾನ ಅವರಿಗಿದ್ದರೆ ಸಾಕು. ಕೇಳಿದ ಆ ದಿನವೇ ಬರೆದಿಟ್ಟರೆ ಇನ್ನೂ ಒಳ್ಳೆಯದು.